ಸ್ನಾನಕ್ಕೆ ಮುಂಚಿನ ನಾಯಿ

ನಮ್ಮ ದೊಡ್ಡತ್ತೆ ನಾಯಿ ಸಾಕಿರಲಿಲ್ಲ. ಇದು ನನ್ನ ಮಾತಲ್ಲ, ಅವರೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಹಾಲಿನವಳಿಗೆ ಹೇಳುತ್ತಿದ್ದರು, ಪೋಸ್ಟ್‌ಮ್ಯಾನಿಗೆ ಹೇಳುತ್ತಿದ್ದರು, ಕೇಳದೆ ಹೋಗುತ್ತಿದ್ದವರನ್ನೂ ಗೇಟಿನ ಹತ್ತಿರ ನಿಲ್ಲಿಸಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರಿಂದ ಸ್ವಲ್ಪ ದೂರದಲ್ಲಿ ಒಂದು ಕಂದು ನಾಯಿ ಕೂತು, ಬಂದವರನ್ನು ಒಳಗೆ ಬಿಡಲೋ ಬೇಡವೋ ಎಂದು ಅವರ ಮುಖವನ್ನೇ ನೋಡುತ್ತಿತ್ತು.

“ನಮ್ಮ ನಾಯಿ ಅಲ್ಲ ಅದು. ನಮ್ಮನೆ ಮುಂದೆ ಇರುತ್ತೆ, ಅಷ್ಟೆ.”

ಮನೆ ಮುಂದೆ ಇರುತ್ತಿತ್ತು, ನಿಜ. ಚಳಿಯಾದರೆ ಮಾತ್ರ ಹಿತ್ತಿಲಿಗೆ ಬಂದು ಬಚ್ಚಲೊಲೆಯ ಪಕ್ಕದ ಬೂದಿಯಲ್ಲಿ ಮಲಗುತ್ತಿತ್ತು. ಬೆಂಗಳೂರಿನಲ್ಲಿ ಆಗ ವರ್ಷವೆಲ್ಲ ಚಳಿ. ನಮ್ಮ ಮನೆಯ ಸಾರನ್ನವನ್ನು ಬಿಟ್ಟು ಬೇರೆಯವರು ಹಾಕಿದ್ದನ್ನು ಮೂಸುತ್ತಿರಲಿಲ್ಲ. ಏಕಾದಶಿಯ ದಿನ ನಮ್ಮ ಜೊತೆ ಅದಕ್ಕೂ ಅವಲಕ್ಕಿಯೇ. ಇಡೀ ಜಯನಗರದಲ್ಲಿ ಏಕಾದಶಿ ಮಾಡುತ್ತಿದ್ದ ನಾಯಿ ಅದೊಂದೇ ಇದ್ದಿರಬೇಕು! ಆದರೂ ಅದು ನಮ್ಮದಲ್ಲ.

ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಒಂದು ದಿನ ಹರಿದ ಪಂಚೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು.

“ನೋಡಿ ಅಮ್ಮ, ನಿಮ್ಮ ನಾಯಿ ಮಾಡಿರೋ ಕೆಲಸ.”

“ನಮ್ಮ ನಾಯಿ ಅಲ್ವಲ್ಲ ಅದು.”

“ಹಾಗಾದ್ರೆ ಕಾರ್ಪೊರೇಷನ್ನಿಗೆ ಹೇಳ್ತೀನಿ. ಹಿಡ್ಕೊಂಡು ಹೋಗ್ಲಿ.”

ದೊಡ್ಡತ್ತೆ ಒಂದು ಕ್ಷಣ ಯೋಚಿಸಿದರು. “ಹೇಳಿ. ಆದ್ರೆ ನೀವು ಪಂಚೆ ಎತ್ತಿ ಕಟ್ಟಿ ನಮ್ಮ ದಾಸವಾಳ ಕೀಳ್ತಿದ್ರಿ ಅನ್ನೋದನ್ನೂ ಸೇರಿಸಿ ಹೇಳಿ” ಎಂದರು. ಮಾಸ್ತರರು ಪಂಚೆ ಮಡಚಿಕೊಂಡು ಹೊರಟುಹೋದರು. ಮಾರನೆಯ ದಿನದಿಂದ ಅವರ ದೇವರಿಗೆ ಅವರದೇ ಮನೆಯ ಕಣಗಿಲೆ.

ಈ ದೊಡ್ಡತ್ತೆ ನನ್ನ ಗಂಡನ ಸೋದರತ್ತೆ, ನನ್ನ ಮಾವನವರ ಅಕ್ಕ. ಇನ್ನೂ ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ತಮ್ಮ, ತಮ್ಮನ ಹೆಂಡತಿ ಇಬ್ಬರೂ ಬೇಗ ಹೋದರು. ಅವರು ಬಿಟ್ಟುಹೋದ ಗಂಡುಮಗುವನ್ನು ಬೆಳೆಸಿ, ಓದಿಸಿ, ಸರ್ಕಾರಿ ಆಫೀಸಿಗೆ ಸೇರಿಸಿ, ಜಯನಗರದಲ್ಲಿ ಮನೆ ಕಟ್ಟಿಸಿ, ಅರವತ್ತರ ದಶಕದ ಮೊದಲಲ್ಲಿ ತಿಪಟೂರಿನಿಂದ ನನ್ನನ್ನು ತಂದು ಅವರಿಗೆ ಕಟ್ಟಿದರು. ಮನೆಯಲ್ಲಿ ನಾವು ಮೂವರೇ. ನಾಲ್ಕನೆಯದು ನಮ್ಮದಲ್ಲ ಎಂದು ಆಗಲೇ ಹೇಳಿದೆನಲ್ಲ.

ಆಗಿನ ಜಯನಗರವೆಂದರೆ ಒಂದು ಮನೆ, ಅದರ ಪಕ್ಕ ನಾಲ್ಕು ಖಾಲಿ ಸೈಟು. ಸೈಟಿನ ಮೂಲೆಗೆ ನೆಟ್ಟ ಕಲ್ಲು ಕಾಣದ ಹಾಗೆ ಲಂಟಾನ ಪೊದೆ. ಈಗ ಜೆ.ಪಿ. ನಗರ ಇರುವ ಕಡೆ ರಾಗಿ ಹೊಲ. ಜರಗನಹಳ್ಳಿಯಿಂದ ಹಾಲಿನವಳು ಆ ಹೊಲಗಳ ನಡುವೆಯೇ ನಡೆದು ಬರುತ್ತಿದ್ದಳು. ಸಂಜೆಯಾದರೆ ನರಿ ಕೂಗುತ್ತಿತ್ತು. ತಿಪಟೂರಿನ ನಮ್ಮ ತುಂಬಿದ ಮನೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಬೆಳೆದವಳು ನಾನು. ಇಲ್ಲಿ ಬಂದು ಬಾಗಿಲು ತೆರೆದರೆ ಮೈಲುಗಟ್ಟಲೆ ಗಾಳಿ, ಬಾಗಿಲು ಮುಚ್ಚಿದರೆ ದೊಡ್ಡತ್ತೆ.

ನಾಯಿಗೆ ಹೆಸರಿರಲಿಲ್ಲ. ಹೆಸರಿಟ್ಟರೆ ಸಾಕಿದ ಹಾಗಾಗುವುದಿಲ್ಲವೇ? ದೊಡ್ಡತ್ತೆ ಅದನ್ನು “ಇದೇ, ಬಾ ಇಲ್ಲಿ” ಎಂದು ಕರೆಯುತ್ತಿದ್ದರು. ಆ ಕಾಲದಲ್ಲಿ ನಾನೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೀಗಾಗಿ ಮನೆಯಲ್ಲಿ ಎರಡು ಜೀವಗಳಿಗೆ ಹೆಸರಿಲ್ಲ, ಒಂದು ‘ಇದು’, ಒಂದು ‘ಇವರು’. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ದೊಡ್ಡತ್ತೆ ಅಡುಗೆಮನೆ ಕಿಟಕಿಯಿಂದ ಬೀದಿ ನೋಡುತ್ತಾ ಕೇಳಿದರು.

“ಊಟದ ಹೊತ್ತಾಯ್ತು. ಇನ್ನೂ ಬರಲೇ ಇಲ್ವಲ್ಲೇ?”

“ಆಫೀಸಲ್ಲಿ ಕೆಲಸ ಜಾಸ್ತಿಯಂತೆ ದೊಡ್ಡತ್ತೆ.”

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಾಯಿಗೆ ಯಾವ ಆಫೀಸೇ?”

ಇನ್ನು ಅವರ ಮಡಿ. ಮಡಿ ಎಂದರೆ ಸಾಮಾನ್ಯ ಮಡಿ ಅಲ್ಲ. ಬೆಳಗಿನ ಜಾವ ತಲೆಗೆ ನೀರು ಹಾಕಿಕೊಂಡು, ಎತ್ತರದ ಗಳದ ಮೇಲೆ ಯಾರ ಕೈಗೂ ಎಟುಕದಂತೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆಂದರೆ, ಹಾಸಿಗೆ ಸೇರುವವರೆಗೂ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರೂ ಯಾರನ್ನೂ ಮುಟ್ಟುವಂತಿಲ್ಲ. ನನ್ನಿಂದ ಸದಾ ಮೂರು ಮಾರು ದೂರ. ನನ್ನ ಸೆರಗು ಗಾಳಿಗೆ ಹಾರಿದರೆ ಅವರು ಹಿಂದಕ್ಕೆ ಹಾರುತ್ತಿದ್ದರು. ಬರಿಮೈಯ ಮಗು ಮುಟ್ಟಿದರೆ ದೋಷವಿಲ್ಲ, ಮೈಲಿಗೆಯೆಲ್ಲ ಬಟ್ಟೆಯಲ್ಲಿರುವುದು ಎಂಬುದು ಅವರ ಶಾಸ್ತ್ರ. ಆ ಶಾಸ್ತ್ರದ ಪ್ರಕಾರ ನನ್ನ ಗಂಡ ಚಡ್ಡಿ ಹಾಕಿಕೊಳ್ಳಲು ಶುರುಮಾಡುವವರೆಗೆ ದೊಡ್ಡತ್ತೆಯ ತೊಡೆಯ ಮೇಲೆಯೇ ಬೆಳೆದರಂತೆ. ಚಡ್ಡಿ ಬಂತು, ತೊಡೆ ಹೋಯಿತು. ಹಬ್ಬಕ್ಕೆ ಹೊಸ ಚಡ್ಡಿ ಹೊಲಿಸಿದರೆ ಇವರು ಅಳುತ್ತಿದ್ದರು ಎಂದು ದೊಡ್ಡತ್ತೆಯೇ ಹೇಳುತ್ತಿದ್ದರು. ಯಾಕೆ ಅಳುತ್ತಿದ್ದರು ಎಂಬುದು ಮಾತ್ರ ಅವರಿಗೆ ಹೊಳೆದಂತಿರಲಿಲ್ಲ.

“ನಾಯಿಗೂ ಬಟ್ಟೆ ಇಲ್ವಲ್ಲ ದೊಡ್ಡತ್ತೆ, ಅದನ್ನು ಮುಟ್ಟಿದ್ರೆ ಯಾಕೆ ಮೈಲಿಗೆ?” ಎಂದು ಒಮ್ಮೆ ಕೇಳಿದೆ.

“ಅದಕ್ಕೆ ಕೂದಲಿದೆಯಲ್ಲ.”

“ಕೂದಲು ಮಕ್ಕಳಿಗೂ ಇರುತ್ತೆ.”

“ಮಕ್ಕಳಿಗೆ ತಲೇಲಿ ಇರುತ್ತೆ. ನೀನು ಕಾಫಿಗೆ ನೀರಿಡು ಹೋಗು.”

ಮದುವೆಯಾದ ಹೊಸತರಲ್ಲಿ ನಾನು ಬಹಳ ಅಳುತ್ತಿದ್ದೆ. ತವರಿನ ನೆನಪು. ಅಮ್ಮ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದದ್ದು, ತಂಗಿ ನಿದ್ದೆಯಲ್ಲಿ ನನ್ನ ಮೇಲೆ ಕಾಲು ಹಾಕುತ್ತಿದ್ದದ್ದು, ಇಂಥವೇ ನೆನಪಾಗುತ್ತಿದ್ದವು. ಇವರು ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು. ಹಗಲೆಲ್ಲ ನನ್ನನ್ನು ಮುಟ್ಟುವ ಒಂದು ಕೈ ಇರಲಿಲ್ಲ. ನಾನು ಅಳುವುದನ್ನು ನೋಡಿದರೆ ದೊಡ್ಡತ್ತೆಗೆ ಸಂಕಟವಾಗುತ್ತಿತ್ತು. ಒಂದು ಲೋಟ ಮಜ್ಜಿಗೆ ತಂದು, ದೂರದಲ್ಲೇ ನೆಲದ ಮೇಲಿಟ್ಟು, ಹಿಂದೆ ಸರಿದು, “ಕುಡಿಯೇ” ಎನ್ನುತ್ತಿದ್ದರು. ಅದರಿಂದಲೂ ಅಳು ನಿಲ್ಲದಿದ್ದರೆ ಅವರ ಬಳಿ ಇನ್ನೊಂದು ಉಪಾಯವಿತ್ತು. “ಒಬ್ಬಳೇ ಹೀಗೆ ನಿಂತು ಅಳಬಾರದು ಕಣೇ. ಬೇಕಾದ್ರೆ ಆ ಕಂಬ ತಬ್ಕೊಂಡು ಅಳು.” ನಾನು ನಿಜವಾಗಿಯೂ ತಬ್ಬಿಕೊಂಡಿದ್ದೇನೆ. ತೇಗದ ಕಂಬ, ತಣ್ಣಗಿತ್ತು.

ಇಂಥ ದೊಡ್ಡತ್ತೆ ನಾಯಿಯನ್ನು ಮುಟ್ಟುತ್ತಿದ್ದರು!

ಅದಕ್ಕೊಂದು ಹೊತ್ತಿತ್ತು. ಹಾಸಿಗೆಯಿಂದ ಎದ್ದು ಸ್ನಾನಕ್ಕೆ ಹೋಗುವವರೆಗೆ ಅವರು ಹೇಗೂ ಮೈಲಿಗೆ. ಆ ಸ್ವಲ್ಪ ಹೊತ್ತಿನಲ್ಲಿ ಲೋಕದ ಮೈಲಿಗೆಯನ್ನೆಲ್ಲ ಮುಗಿಸಿಕೊಂಡುಬಿಡುತ್ತಿದ್ದರು. ಹಾಸಿಗೆ ಸುತ್ತುವುದು, ಹೊರಗಿನ ಕಸ ಗುಡಿಸುವುದು, ಆಮೇಲೆ ನಾಯಿ. ಇನ್ನೂ ನಸುಗತ್ತಲು. ಬಚ್ಚಲೊಲೆಗೆ ಬೆಂಕಿ ಹಾಕಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, “ಇದೇ, ಬಾ” ಎಂದರೆ ಅದು ಬಂದು ಗದ್ದವನ್ನು ಅವರ ಅಂಗೈಗೆ ಕೊಡುತ್ತಿತ್ತು. ದೋಸೆ ಮಗುಚುವಷ್ಟು ಸರಾಗವಾಗಿ ಅದರ ಕಿವಿ ಮಗುಚಿ, ಒಳಗೆ ಹೊರಗೆ ಸವರಿ, ಉಣ್ಣೆಹುಳ ಇದ್ದರೆ ಕಿತ್ತು ಒಲೆಗೆ ಹಾಕುತ್ತಿದ್ದರು. ಕಿವಿ ಹಿಡಿದುಕೊಂಡೇ ಮನೆಯ ವರ್ತಮಾನವನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದರು. “ನಿನ್ನೆ ಹುಳಿಗೆ ಉಪ್ಪು ಜಾಸ್ತಿ ಆಗಿತ್ತು ಕಣೋ. ಹೊಸ ಹುಡುಗಿ, ಪಾಪ, ಹೇಳಲಿಲ್ಲ ನಾನು.” ನಾನು ಅಡುಗೆಮನೆಯ ಕತ್ತಲಲ್ಲಿ ನಿಂತು ಕೇಳುತ್ತಿದ್ದೆ. ಆ ಬೆರಳುಗಳು ಅದರ ನೆತ್ತಿಯ ಮೇಲೆ ಓಡಾಡುವುದನ್ನು ನೋಡುತ್ತಾ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹತ್ತೊಂಬತ್ತು ವರ್ಷದ ಹೆಂಗಸು ಬೀದಿನಾಯಿಯ ಮೇಲೆ ಕರುಬುವುದೆಂದರೆ ಎಲ್ಲಿಗೆ ಬಂತು ನೋಡಿ! ಆಮೇಲೆ ಅವರು ಸ್ನಾನ ಮಾಡಿ ಬಂದರೆ ನಾಯಿಗೂ ಗೊತ್ತಾಗುತ್ತಿತ್ತು. ಒದ್ದೆ ಸೀರೆಯ ಸದ್ದು ಕೇಳಿದ ಕೂಡಲೇ ಎದ್ದು ತಾನೇ ದೂರ ಸರಿದು ಕೂರುತ್ತಿತ್ತು.

ಆ ವರ್ಷ ಮಳೆ ನಿಂತ ಮೇಲೆ ನೊಣ ಬಹಳ. ಒಂದು ಬೆಳಿಗ್ಗೆ ದೊಡ್ಡತ್ತೆ ನಾಯಿಯ ಬಲಗಿವಿಯ ಅಂಚನ್ನು ಬೆರಳಲ್ಲಿ ಸವರಿ, “ಎಲ್ಲೋ ತರಚಿಕೊಂಡು ಬಂದಿದೆ ಕಣೇ. ಹಕ್ಕಳೆ ಕಟ್ಟಿದೆ, ಇನ್ನೇನು ವಾಸಿಯಾಗುತ್ತೆ” ಎಂದರು. ನಮ್ಮ ಕಡೆ ಎಲ್ಲರೂ ಆಡುವ ಮಾತೇ ಅದು. ಮಕ್ಕಳು ಮಂಡಿ ಕೆತ್ತಿಕೊಂಡು ಬಂದರೂ, ದೋಸೆ ಹಂಚು ಕೈ ಸುಟ್ಟರೂ, ಹಕ್ಕಳೆ ಕಟ್ಟಿತೆಂದರೆ ಅಮ್ಮಂದಿರಿಗೆ ನೆಮ್ಮದಿ. ಹಕ್ಕಳೆ ಎಂದರೆ ಗಾಯ ಬಾಗಿಲು ಹಾಕಿಕೊಂಡಿತು ಎಂದೇ ಲೆಕ್ಕ. ಒಳಗೆ ಏನು ನಡೆದಿದೆ ಎಂದು ಯಾರು ಬಾಗಿಲು ತಟ್ಟಿ ನೋಡುತ್ತಾರೆ?

ಎರಡು ದಿನ ಬಿಟ್ಟು, “ಆ ಹಕ್ಕಳೆ ಬಿದ್ದುಹೋಗಿ ಹೊಸಾದು ಕಟ್ಟಿದೆ” ಎಂದರು, ಸಂತೋಷದಿಂದ. ಮತ್ತೆರಡು ದಿನಕ್ಕೆ, “ಈಗ ಎಡಗಿವಿಗೂ ಕಟ್ಟಿದೆ.” ಅದಕ್ಕೂ ಸಂತೋಷ. ದಿನ ಕಳೆದಂತೆ ಹಕ್ಕಳೆ ಹೆಚ್ಚಾಯಿತು, ದೊಡ್ಡತ್ತೆಯ ಸಮಾಧಾನವೂ ಹೆಚ್ಚಾಯಿತು. ಇಷ್ಟೆಲ್ಲ ವಾಸಿಯಾಗುತ್ತಿರುವ ನಾಯಿ ಯಾಕೆ ಇಷ್ಟು ಕೆರೆದುಕೊಳ್ಳುತ್ತಿದೆ ಎಂಬ ಅನುಮಾನ ನನಗೆ ಬಂತು. ಹೊಸ ಸೊಸೆಯ ಅನುಮಾನಕ್ಕೆ ಯಾರು ಬೆಲೆ ಕೊಡುತ್ತಾರೆ?

ಅರಿಶಿನದ ವೈದ್ಯ ಶುರುವಾಯಿತು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಎರಡು ಕಿವಿಗೂ ಮೆತ್ತಿದರು. ಅದು ಒರಸಿಕೊಂಡು, ನೆಕ್ಕಿಕೊಂಡು, ಮುಖ ಕೈಕಾಲಿಗೆಲ್ಲ ಬಳಿದುಕೊಂಡು ಅರಿಶಿನದೆಣ್ಣೆ ಶಾಸ್ತ್ರದ ಮದುವೆ ಹುಡುಗನ ಹಾಗೆ ಬೀದಿಯಲ್ಲಿ ಓಡಾಡಿತು. ಹಾಲಿನವಳು, “ಏನ್ರವ್ವ, ಯಾವತ್ತು ಲಗ್ನ?” ಎಂದಳು. ಅವಳದೂ ಒಂದು ಔಷಧವಿತ್ತು, ಹೊಗೆಸೊಪ್ಪಿನ ನೀರು. ಅದನ್ನು ಹಚ್ಚಿದರೆ ನೊಣ ಮಾತ್ರವಲ್ಲ, ನಾಯಿಯೂ ಹತ್ತಿರ ಬರುವುದಿಲ್ಲ ಎಂದು ದೊಡ್ಡತ್ತೆ ಅದನ್ನು ತಳ್ಳಿಹಾಕಿದರು.

ಅಷ್ಟರಲ್ಲಿ ಹಿತ್ತಿಲಿನ ಸುಣ್ಣದ ಗೋಡೆಯ ಮೇಲೆ ಕೆಂಪು ಚುಕ್ಕೆಗಳು ಕಾಣಿಸಿಕೊಂಡವು. ದೊಡ್ಡತ್ತೆ ಇವರನ್ನು ಕರೆದು ನಿಲ್ಲಿಸಿದರು.

“ಗೋಡೆ ಮೇಲೆ ಎಲೆಅಡಿಕೆ ಉಗೀಬೇಡ್ವೋ.”

“ನಾನು ಎಲೆಅಡಿಕೆ ಹಾಕೋದೇ ಇಲ್ವಲ್ಲ ದೊಡ್ಡತ್ತೆ.”

“ಹಾಕಬೇಡ ಅಂತಾನೇ ನಾನೂ ಹೇಳ್ತಿರೋದು.”

ಅದು ಎಲೆಅಡಿಕೆಯಲ್ಲ ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ. ಬಟ್ಟೆ ಹರವಲು ಹಿತ್ತಿಲಿಗೆ ಹೋಗಿದ್ದೆ. ನಾಯಿ ಹೊಂಗೆ ಮರದ ಕೆಳಗೆ ಮಲಗಿತ್ತು. ಪಕ್ಕದಲ್ಲಿ ಬೆಳಿಗ್ಗೆ ಹಾಕಿದ ಅನ್ನ ಹಾಗೇ ಇತ್ತು. ನನ್ನನ್ನು ಕಂಡು ಎದ್ದು ತಲೆಯನ್ನು ಫಟಫಟ ಒದರಿತು, ಗೋಡೆಗೆ ನಾಲ್ಕು ಹನಿ ಹಾರಿತು. ರಕ್ತ! ಹತ್ತಿರ ಹೋಗಿ ಬಗ್ಗಿ ನೋಡಿದೆ. ನಸುಗತ್ತಲಲ್ಲಿ ಕಪ್ಪಗೆ ಒಣಗಿದಂತೆ ಕಾಣುತ್ತಿದ್ದ ಹಕ್ಕಳೆಯ ಅಂಚಿನಿಂದ ಬಿಸಿಲಲ್ಲಿ ಹಳದಿ ನೀರು ಜಿನುಗುತ್ತಿತ್ತು. ಕಿವಿ ಊದಿ, ತೂಕಕ್ಕೆ ಜೋತುಬಿದ್ದಿತ್ತು. ನೊಣ ಮುತ್ತಿತ್ತು. ಹಳಸಿದ ಹಿಟ್ಟಿನ ಥರದ ಒಂದು ವಾಸನೆ.

ದೊಡ್ಡತ್ತೆಯನ್ನು ಕೂಗಿದೆ. ಅವರು ಜಪದಿಂದ ಎದ್ದು ಬಂದರು, ಮಡಿಯಲ್ಲಿ. ಹಿತ್ತಿಲ ಬಾಗಿಲಲ್ಲೇ ನಿಂತು, “ಇಲ್ಲಿಂದ ಕಾಣಲ್ಲ ಕಣೇ” ಎಂದರು. ಒಂದು ಹೆಜ್ಜೆ ಮುಂದೆ ಇಟ್ಟರು, ಹಿಂದೆ ತೆಗೆದರು. ಒಳಗೆ ಹೋದರು. ಕನ್ನಡಕ ತರಲು ಹೋದರೆಂದು ನಾನು ಅಂದುಕೊಂಡರೆ, ಅವರು ತಂದದ್ದು ಸೀರೆ ಇಳಿಸುವ ಮಡಿಕೋಲನ್ನು! ಅಷ್ಟುದ್ದದ ಬಿದಿರುಕೋಲನ್ನು ಎರಡು ಕೈಯಲ್ಲಿ ಹಿಡಿದು, ಮೂರು ಮಾರು ದೂರದಿಂದ, ಅದರ ತುದಿಯಲ್ಲಿ ನಾಯಿಯ ಕಿವಿಯನ್ನು ಎತ್ತಿ ನೋಡಲು ಹೊರಟರು. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ.

ಕೋಲು ಕಿವಿಗೆ ತಾಗಿತು. ನಾಯಿ ಕಿರುಚಿತು. ಅವರು ಮುಟ್ಟಿದಾಗ ಅದು ಯಾವತ್ತೂ ಕಿರುಚಿರಲಿಲ್ಲ. ಕಿರುಚಿದ ಮೇಲೂ ಓಡಿಹೋಗಲಿಲ್ಲ. ನಡುಗುತ್ತಾ ಅಲ್ಲೇ ನಿಂತು, ಕೋಲಿನ ತುದಿಯನ್ನು ನೋಡಿತು, ಆಮೇಲೆ ಅವರನ್ನು ನೋಡಿತು. ದೊಡ್ಡತ್ತೆ ಕೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

“ನಾಳೆ ಬೆಳಿಗ್ಗೆ ಜಟಕಾ ಹೇಳು ಅಂತ ನಿನ್ನ ಗಂಡನಿಗೆ ಹೇಳು” ಎಂದರು. “ದನದ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.”

ಇದರಲ್ಲಿದ್ದ ಕಷ್ಟ ನಿಮಗೆ ಗೊತ್ತಾಗಬೇಕು. ಆಸ್ಪತ್ರೆ ಬಾಗಿಲು ತೆರೆಯುವುದು ಬಿಸಿಲು ಬಂದ ಮೇಲೆ. ಅಷ್ಟು ಹೊತ್ತಿಗೆ ಅವರ ಸ್ನಾನ, ಪೂಜೆ ಎಲ್ಲ ಮುಗಿದು ಮಡಿಯಲ್ಲಿರಬೇಕು. ಮಡಿಯಲ್ಲಿ ನಾಯಿ ಹಿಡಿಯುವಂತಿಲ್ಲ. ನಾಯಿ ಹಿಡಿಯಬೇಕೆಂದರೆ ಸ್ನಾನ ಮಾಡುವಂತಿಲ್ಲ. ಸ್ನಾನವಿಲ್ಲದೆ ದೇವರ ದೀಪವಿಲ್ಲ, ದೀಪವಿಲ್ಲದೆ ಒಂದು ಗುಟುಕು ಕಾಫಿಯೂ ಇಲ್ಲ. ಸ್ನಾನ ಮಾಡದೆ ಅವರು ಗೇಟು ದಾಟಿದ್ದನ್ನು ಜಯನಗರ ಕಂಡಿರಲಿಲ್ಲ. “ನಾವಿಬ್ಬರು ಹೋಗಿಬರ್ತೀವಿ ದೊಡ್ಡತ್ತೆ, ನೀವಿರಿ” ಎಂದು ಇವರು ಹೇಳಿದರು. “ನಿಮ್ಮ ಹತ್ರ ನಿಲ್ಲುತ್ತಾ ಅದು?” ಎಂದರು. ನಿಲ್ಲುತ್ತಿರಲಿಲ್ಲ. ನನ್ನನ್ನು ಕಂಡರೆ ಅದಕ್ಕೆ ಗೌರವವಿತ್ತು, ಸಲಿಗೆ ಇರಲಿಲ್ಲ.

ಬೆಳಿಗ್ಗೆ ದೊಡ್ಡತ್ತೆ ನಿನ್ನೆಯ ಸೀರೆಯಲ್ಲೇ, ಬರಿಹೊಟ್ಟೆಯಲ್ಲಿ, ಸೆರಗನ್ನು ತಲೆ ತುಂಬ ಎಳೆದುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಎದುರು ಮನೆ ಮಾಸ್ತರರು ಬಾಗಿಲು ತೆಗೆದು ನೋಡಿ, ನಂಬಲಾಗದೆ ಮತ್ತೆ ಹಾಕಿಕೊಂಡರು. ಜಟಕಾ ಸಾಬರಿಗೆ ನಾಯಿಯನ್ನು ಕಂಡು ಗಾಬರಿಯಾಯಿತು.

“ನಾಯಿ ಹತ್ತಿಸಬೇಡಿ ಅಮ್ಮ. ಕುದುರೆ ಹೆದರುತ್ತೆ.”

“ಹಿಂದೆ ಕೂರುತ್ತೆ ಅದು. ಕುದುರೆಗೆ ಕಾಣಲ್ಲ. ನೀವು ಹೇಳಬೇಡಿ, ಸಾಕು.”

ಸಾಬರು ನಕ್ಕರು, ನಮ್ಮಿಬ್ಬರ ಜೊತೆ ಅದನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ದೊಡ್ಡತ್ತೆ ತಮ್ಮ ಮನಸ್ಸಿಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಅದು ದನದ ಆಸ್ಪತ್ರೆ. ಹಸು ಬರುವ ಜಾಗ. ಹಸು ಬಂದುಹೋದ ನೆಲ ಗೋಮಾಳವಿದ್ದ ಹಾಗೆ. ಆದ್ದರಿಂದ ಅಲ್ಲಿ ಮೈಲಿಗೆ ಪೂರ್ತಿ ಅಂಟುವುದಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ನಿಜವಾಗಿಯೂ ಒಂದು ಹಸು ನಿಂತಿತ್ತು. ದೊಡ್ಡತ್ತೆ ನನ್ನತ್ತ ತಿರುಗಿ, “ನೋಡಿದ್ಯಾ?” ಎಂದರು, ತಾವೇ ಅದನ್ನು ಏರ್ಪಾಡು ಮಾಡಿಸಿದವರ ಹಾಗೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಮುಖದಲ್ಲಿ ಸಿಡುಕಿರಲಿಲ್ಲ.

“ಎಷ್ಟು ದಿನದಿಂದ ಇದೆ ಅಮ್ಮ?”

“ದೀಪಾವಳಿಗೆ ಮುಂಚಿಂದ. ಹಕ್ಕಳೆ ಕಟ್ಟಿದೆ, ವಾಸಿ ಆಗ್ತಾ ಇದೆ. ಆದ್ರೂ ನೀವೊಂದು ಸಲ ನೋಡಿ.”

ಡಾಕ್ಟರು ಕಿವಿಯನ್ನು ಬೆಳಕಿಗೆ ತಿರುಗಿಸಿ, ಒಳಗೆಲ್ಲ ನೋಡಿದರು. ಆಮೇಲೆ ಕೇಳಿದರು. “ನೀವು ಯಾವ ಹೊತ್ತಲ್ಲಿ ನೋಡ್ತೀರಿ ಇದನ್ನ?”

“ಬೆಳಗಿನ ಜಾವ. ಸ್ನಾನಕ್ಕೆ ಮುಂಚೆ.”

“ಕತ್ತಲಲ್ಲಿ ಎಲ್ಲ ಹಕ್ಕಳೆನೂ ಒಣಗಿರೋ ಹಾಗೇ ಕಾಣುತ್ತೆ ಅಮ್ಮ. ಹಗಲು ನೋಡಬೇಕು.”

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ತರಚಿದ ಗಾಯಕ್ಕೆ ಒಂದು ಸಲ ಹಕ್ಕಳೆ ಕಟ್ಟಿ, ಒಣಗಿ, ತಾನಾಗಿ ಉದುರಿ, ಕೆಳಗೆ ಹೊಸ ಚರ್ಮ ಕಂಡರೆ ಚಿಂತೆಯಿಲ್ಲ. ಉದುರಿದ ಜಾಗದಲ್ಲೇ ಮತ್ತೆ ಮತ್ತೆ ಕಟ್ಟಿದರೆ ಅದು ವಾಸಿಯಲ್ಲ, ಒಳಗೆ ಬೇರೇನೋ ಇದೆ ಎಂದು ಅರ್ಥ. ನೊಣ ಕಚ್ಚಿರಬಹುದು, ಕಜ್ಜಿಯ ಹುಳವಿರಬಹುದು, ಕಿವಿಯ ಒಳಗೇ ಕೀವಾಗಿರಬಹುದು. ಕೆಳಗೆ ಹಸಿ ಇದ್ದರೆ, ವಾಸನೆ ಬಂದರೆ, ಕಿವಿ ಊದಿ ಬಿಸಿಯಾದರೆ, ನಾಯಿ ತಲೆ ಒದರುತ್ತಲೇ ಇದ್ದರೆ, ಊಟ ಬಿಟ್ಟರೆ ಅವತ್ತೇ ಕರೆತರಬೇಕು. ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು.

“ಇದಕ್ಕೆ ಒಳಗೆ ಕೀವಾಗಿದೆ. ಅದಕ್ಕೇ ತಲೆ ಒದರಿ ಒದರಿ ಅಂಚು ಒಡೀತಿದೆ, ಅದರ ಮೇಲೆ ನೊಣ. ಇನ್ನಷ್ಟು ದಿನ ಬಿಟ್ಟಿದ್ರೆ ಹುಳ ಬೀಳ್ತಿತ್ತು, ನಾಯಿ ಉಳೀತಿರಲಿಲ್ಲ. ಈಗಲೂ ಈ ಬಲಗಿವಿ ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ.”

ದೊಡ್ಡತ್ತೆಯ ಮುಖ ಸಣ್ಣದಾಯಿತು. ದಿನಾ ಬೆಳಿಗ್ಗೆ ಸಂತೋಷಪಟ್ಟದ್ದನ್ನೆಲ್ಲ ಅವರು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

“ತೊಳೀಬೇಕು, ಉರಿಯುತ್ತೆ. ಯಾರಾದ್ರೂ ಗಟ್ಟಿಯಾಗಿ ಹಿಡ್ಕೋಬೇಕು. ನಾಯಿ ಯಾರದ್ದು, ನಿಮ್ಮದೇನಾ?” ಎಂದು ಡಾಕ್ಟರು ಕೇಳಿದರು.

ನಾನು ದೊಡ್ಡತ್ತೆಯ ಮುಖ ನೋಡಿದೆ.

“ನಮ್ಮದೇ” ಎಂದರು ದೊಡ್ಡತ್ತೆ, ನೆಲದ ಮೇಲೆ ಕೂತು ಅದರ ತಲೆಯನ್ನು ಎದೆಗೆ ಒತ್ತಿಕೊಂಡರು. ಕಾಂಪೌಂಡರು ನಾಯಿಯ ಹೆಸರು ಕೇಳಿದಾಗ, “ಇದು” ಎಂದರು. “ಇದು ಅಂದ್ರೆ?” ಎಂದು ಅವರು ಮತ್ತೆ ಕೇಳಿದಾಗ, “ಇದು ಅಂದ್ರೆ ಇದೇ” ಎಂದರು. ಔಷಧದ ಸೀಸೆಯ ಚೀಟಿಯಲ್ಲಿ ಕೊನೆಗೆ ‘ಇದು’ ಎಂದೇ ಬಂತು.

ಡಾಕ್ಟರು ಹೇಳಿದ್ದು ಮೂರು ಹೊತ್ತು ಔಷಧ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಹಗಲು ಬೆಳಕಿನಲ್ಲಿ ಕಿವಿ ಒರೆಸಿ, ನೋಡಿ, ಸೀಸೆಯ ಔಷಧ ಹಚ್ಚಬೇಕು. ಮೂರು ಹೊತ್ತು ನಾಯಿ ಮುಟ್ಟುವುದೆಂದರೆ ಮೂರು ಹೊತ್ತು ತಲೆಗೆ ಸ್ನಾನ, ಮೂರು ಸೀರೆ. ಮಾರ್ಗಶಿರದ ಚಳಿ. ದೊಡ್ಡತ್ತೆ ಒಂದು ಮಾತೂ ಆಡದೆ ಮಾಡಿದರು. ಗಳದ ತುಂಬ ಅವರ ಸೀರೆಗಳೇ. ಮನೆಯಲ್ಲಿ ಹುಲಿ ಇಳಿದು ನೀರು ಕುಡಿಯುವಷ್ಟು ತೇವ ಎಂದು ಇವರು ಗೊಣಗಿದರು.

ನಾನು ಹಚ್ಚುತ್ತೇನೆಂದು ಹಟ ಮಾಡಿ ಒಂದು ದಿನ ಸೀಸೆ ಕಸಿದುಕೊಂಡು ಹೋದೆ. ನಾಯಿ ನನ್ನ ಮರ್ಯಾದೆ ಉಳಿಸಿ, ಹಲ್ಲು ಮಾತ್ರ ತೋರಿಸಿತು. ಶಾಸ್ತ್ರದಲ್ಲಿ ಏನಾದರೂ ಸಡಿಲಿಕೆ ಇರಬಹುದೇ ಎಂದು ಇವರು ಪುರೋಹಿತರನ್ನು ಕೇಳಿಕೊಂಡು ಬಂದರು. ರೋಗಿಗೆ ರಿಯಾಯಿತಿ ಉಂಟಂತೆ.

“ರೋಗಿ ಅದು, ನಾನಲ್ವಲ್ಲ” ಎಂದರು ದೊಡ್ಡತ್ತೆ. ಅಷ್ಟು ಹೇಳಿ ಕೆಮ್ಮಿದರು.

ಕೆಮ್ಮು ಹೆಚ್ಚಾಯಿತು. ನಾಯಿಯ ಕಿವಿ ಒಣಗುತ್ತಾ ಬಂತು, ಅವರ ಎದೆ ಕಟ್ಟುತ್ತಾ ಬಂತು. ನನಗೆ ಭಯವಾಯಿತು. ನಾಯಿ ಉಳಿದು ದೊಡ್ಡತ್ತೆ ಹೋದರೆ? ಮೂರು ಮಾರು ದೂರವಿದ್ದರೂ ಆ ಮನೆಯಲ್ಲಿ ನನಗೆ ‘ಕಣೇ’ ಎನ್ನಲು ಇದ್ದವರು ಅವರೊಬ್ಬರೇ. ಮಧ್ಯಾಹ್ನದ ಸ್ನಾನಕ್ಕಾದರೂ ಬಿಸಿನೀರಿರಲಿ ಎಂದು ನಾನು ಒಲೆ ಆರದಂತೆ ನೋಡಿಕೊಳ್ಳುತ್ತಿದ್ದೆ. ನನ್ನ ಕೈಲಾದದ್ದು ಅಷ್ಟೇ.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ದೊಡ್ಡತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಿವಿ ನೋಡುತ್ತಿದ್ದರು. ಬಲಗಿವಿಯ ತುದಿಯಲ್ಲಿ ಒಂದು ಚೂರು ಹೋಗಿತ್ತು, ಅಷ್ಟೆ. ಹಕ್ಕಳೆ ಉದುರಿದ ಕಡೆಯೆಲ್ಲ ಎಳೆಯ ಚರ್ಮ ಬಂದು, ಅದರ ಮೇಲೆ ಸಣ್ಣ ಕೂದಲು ಮೂಡುತ್ತಿತ್ತು. ಬಿಸಿಲಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ, “ಉಳೀತು ಕಣೇ” ಎಂದರು. ನಾನು ಬಚ್ಚಲಲ್ಲಿ ನೀರು ತೋಡಿಟ್ಟು ಬಂದೆ.

ಅವರು ಏಳಲಿಲ್ಲ. ನಾಯಿ ತಲೆಯನ್ನು ಅವರ ತೊಡೆಯ ಮೇಲಿಟ್ಟು ನಿದ್ದೆ ಹೋಗಿತ್ತು.

“ನೀರು ಆರುತ್ತೆ ದೊಡ್ಡತ್ತೆ.”

“ಆರಲಿ.”

ತಪ್ಪಾಗಿ ಕೇಳಿಸಿತೇನೋ ಎಂದು ನಿಂತೇ ಇದ್ದೆ.

“ಈಗ ಎದ್ರೆ ಎಚ್ಚರ ಆಗುತ್ತೆ ಇದಕ್ಕೆ” ಎಂದರು. ನನ್ನ ಕಡೆ ನೋಡದೆಯೇ ಹೇಳಿದರು. “ನಿನ್ನ ಗಂಡ ದೊಡ್ಡೋನಾದ ಮೇಲೆ ಯಾರೂ ನನಗೆ ಒರಗಿ ನಿದ್ದೆ ಮಾಡಿಲ್ಲ ಕಣೇ. ಎಷ್ಟು ಬೆಚ್ಚಗಿರುತ್ತೆ ಅನ್ನೋದೇ ಮರೆತುಹೋಗಿತ್ತು.”

ನಾನು ಅವರ ತೊಡೆಯ ಮೇಲಿನ ನಾಯಿಯನ್ನು ನೋಡುತ್ತಾ ನಿಂತೆ.

“ನೀನ್ಯಾಕೆ ನಿಂತೇ ಇದೀಯ? ಕೂತ್ಕೋ ಬಾ.”

ಅಭ್ಯಾಸಬಲದಿಂದ ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ, ಸೆರಗು ಒತ್ತಿ ಹಿಡಿದುಕೊಂಡು ಕೂತೆ. ಅವರು ನಮ್ಮ ನಡುವಿನ ಖಾಲಿ ಜಾಗವನ್ನು ನೋಡಿದರು.

“ಹತ್ತಿರ ಬಾರೇ. ನಾನೀಗ ಮಡಿ ಅಲ್ಲ.”

ಸರಿದು ಕೂತೆ. ಅವರ ತೋಳು ನನ್ನ ತೋಳಿಗೆ ತಾಗಿತು. ಆ ಮನೆಗೆ ಬಂದು ಎರಡನೆಯ ವರ್ಷ ನಡೆಯುತ್ತಿತ್ತು, ಅವರ ಮೈ ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ. ಅಳಬಾರದೆಂದುಕೊಂಡರೂ ಅಳು ಬಂತು. ದೊಡ್ಡತ್ತೆ ಬೇಡವೆನ್ನಲಿಲ್ಲ. ಒಂದು ಕೈ ನಾಯಿಯ ಮೇಲಿತ್ತು. ಇನ್ನೊಂದು ಕೈಯಿಂದ ನನ್ನ ತಲೆಯನ್ನು ಎಳೆದು ಭುಜಕ್ಕೆ ಒರಗಿಸಿಕೊಂಡರು.

ಬಚ್ಚಲಲ್ಲಿ ನೀರು ಆರಿತು. ನಾವು ಮೂವರೂ ಏಳಲಿಲ್ಲ.